ತಿಪ್ಪೇಶಿ ಕೊಟ್ಟ ಒಂದು ವರ್ಷದ ಗ್ಯಾರಂಟಿ

ಹೂಂ ಅನ್ನುವವರಿದ್ದರೆ ಹೇಳ್ತೀನಿ, ಇಲ್ಲದಿದ್ದರೆ ಎದ್ದು ಹೋಗ್ತೀನಿ. ನಡುವೆ ಯಾರೂ "ಹಂಗೂ ಇರ್ತಾರಾ?" ಅಂತ ಬಾಯಿ ಹಾಕಬಾರದು. ಇರ್ತಾರೆ. ನಿಮ್ಮ ಮನೇಲೂ ಒಬ್ಬ ಇದ್ದಾನು, ಸುಮ್ಮನೆ ಕೇಳಿ.

ದುರ್ಗದ ಸೀಮೆಯ ಒಂದು ಸಣ್ಣ ಪೇಟೆಯಲ್ಲಿ ಹಾಲಮ್ಮ ಅಂತ ಒಬ್ಬಳಿದ್ದಳು. ಚಕ್ಕುಲಿ ಕರಿದು ಅಂಗಡಿಗಳಿಗೆ ಹಾಕುವುದು ಅವಳ ಕಸುಬು. ಅವಳಿಗೆ ಒಬ್ಬನೇ ಮಗ, ತಿಪ್ಪೇಶಿ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ ಮಾತು ಮೀರುವವನಲ್ಲ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. "ಒಳ್ಳೇದೇ ಆಯ್ತಲ್ಲ" ಅಂತೀರಿ. ಅಯ್ಯೋ, ಅದೇ ಆ ತಾಯಿಗೆ ಬಂದ ಕಷ್ಟ! "ಬಾಗಿಲು ನೋಡ್ಕೊಳ್ಳೋ" ಅಂದು ಅವಳು ಸಂತೆಗೆ ಹೋದರೆ ಇವನು ಬಾಗಿಲನ್ನೇ ನೋಡುತ್ತಾ ಕೂತ. ಬೆಕ್ಕು ಕಿಟಕಿಯಿಂದ ಬಂದು ಹಾಲು ಕುಡಿದು, ಇವನ ಮುಂದೆಯೇ ಮೀಸೆ ಒರೆಸಿಕೊಂಡು ಹೋಯಿತು.

"ಬೆಕ್ಕು ಬಂದಿದ್ದು ಕಾಣಲಿಲ್ವೇನೋ?"

"ಬಾಗಿಲಲ್ಲಿ ಬರಲಿಲ್ಲ ಅವ್ವಾ!"

ಹಾಲಮ್ಮ ಹಣೆ ಚಚ್ಚಿಕೊಂಡಳು. ಆದರೂ ರಾತ್ರಿ ಅವನ ತಟ್ಟೆಗೆ ಒಂದು ಮುದ್ದೆ ಹೆಚ್ಚಿಗೆ ಹಾಕಿದಳು. ಹೆತ್ತವರಿಗೆ ಹೆಗ್ಗಣ ಮುದ್ದು, ಏನು ಮಾಡೋಕಾಗುತ್ತೆ?

ಒಂದು ದೀಪಾವಳಿಗೆ ಹಾಲಮ್ಮನ ಮನೆಗೆ ಎರಡು ಹೊಸದು ಬಂದವು. ಒಂದು ಲಗೇಜ್ ಆಟೋ, ಚಕ್ಕುಲಿ ಸಾಗಿಸೋಕೆ. ಇನ್ನೊಂದು ಹಿತ್ತಲಲ್ಲಿ ತಾರಸಿ ಹಾಕಿಸಿದ ಅಡುಗೆಕೋಣೆ, ಚಕ್ಕುಲಿ ಕರಿಯೋಕೆ. ಗಾಡಿ ಓಡಿಸೋದು ಮಾತ್ರ ತಿಪ್ಪೇಶಿಗೆ ಚೆನ್ನಾಗಿ ಬರುತ್ತಿತ್ತು. ಅಡ್ಡದಾರಿ ಅವನಿಗೆ ಹೊಳೆಯುತ್ತಲೇ ಇರಲಿಲ್ಲವಲ್ಲ!

ಗಾಡಿ ಕೊಟ್ಟ ಶೋರೂಮಿನಲ್ಲಿ ದಾದಾಪೀರ್ ಅಂತ ಮೆಕ್ಯಾನಿಕ್. ಅವನು ಹೇಳಿದ: "ಅಮ್ಮಾ, ಒಂದು ವರ್ಷ ಸರ್ವಿಸು ಪುಕ್ಕಟೆ. ಏನೇ ಕೆಟ್ರೂ ತಗೊಂಡು ಬನ್ನಿ, ನಾವು ಮಾಡ್ಕೊಡ್ತೀವಿ. ಆದ್ರೆ ನೀವು ಕೈ ಹಾಕಬಾರ್ದು. ಕೈ ಹಾಕಿದ್ರೆ ಕರಾರು ಮುರೀತು!"

ಕೋಣೆ ಕಟ್ಟಿದ ಮೇಸ್ತ್ರಿ ಓಬಳೇಶಪ್ಪ ತಾನೇನು ಕಡಿಮೆ ಅಂತ ಎದೆ ತಟ್ಟಿಕೊಂಡ: "ಅಕ್ಕಾ, ನಂದೂ ಒಂದು ವರ್ಷ ಗ್ಯಾರಂಟಿ. ಬಿರುಕು ಬಿಡ್ಲಿ, ಸೋರ್ಲಿ, ಪುಕ್ಕಟೆ ರಿಪೇರಿ. ಬರೋ ದೀಪಾವಳಿವರೆಗೂ ಕಾಲು ಚಾಚ್ಕೊಂಡು ಮಲಕ್ಕೋ!"

ಮಾತು ಕೊಡುವಾಗ ಯಾರ ಬಾಯಿ ಸಣ್ಣದು ಹೇಳಿ! ಹೊರಡುವಾಗ ಮೇಸ್ತ್ರಿ ಇನ್ನೊಂದು ಮಾತು ಸೇರಿಸಿದ: "ಹೊಸದು ನೋಡಕ್ಕಾ, ಬೆಳಿಗ್ಗೆ ಸಂಜೆ ನೀರು ಹುಯ್ಬೇಕು. ಸುತ್ತ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸ್ಬೇಕು. ಒದ್ದೆ ಗೋಣಿಚೀಲ ಹೊದಿಸ್ಬೇಕು. ನೀರು ಕುಡಿದಷ್ಟೂ ಗಟ್ಟಿ."

"ಕೇಳಿಸ್ಕೊಂಡ್ಯೇನೋ?" ಅಂದಳು ಹಾಲಮ್ಮ. "ನಾನು ತಂಗಿ ಮನೆಗೆ ಹೋಗಿ ಬತ್ತೀನಿ. ಹೊಸದಕ್ಕೆ ನೀರು ಹುಯ್ಯೋದು ಮರೀಬೇಡ!"

"ಸರಿ ಅವ್ವಾ, ಹಂಗೇ ಮಾಡ್ತೀನಿ!"

ಮಾಡಿದ. ಮಾಡದೆ ಬಿಡ್ತಾನಾ? ತಾರಸಿಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ. ಕೆಳಗೆ ಬಂದು ನೋಡಿದ, ಇನ್ನೊಂದು ಹೊಸದು ನಿಂತಿದೆ! ಪಾಪ, ಅದಕ್ಕೆ ಬೇಡವಾ? ಆಟೋದ ಹಿಂದುಗಡೆ ಮಣ್ಣಿನ ಕಟ್ಟೆ ಕಟ್ಟಿ ಕೊಡಗಟ್ಟಲೆ ನೀರು ತುಂಬಿದ. ಸೀಟು ಎತ್ತಿ ಎಂಜಿನ್ನಿಗೂ ಹುಯ್ದ. ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಮಗುವನ್ನು ಮಲಗಿಸಿದ ಹಾಗೆ ತಟ್ಟಿದ. ಬೆಳಿಗ್ಗೆ ಹುಯ್ದ, ಸಂಜೆ ಹುಯ್ದ. ಹಾಲಮ್ಮ ಬರುವ ಹೊತ್ತಿಗೆ ಆಟೋದೊಳಗೆ ಕಪ್ಪೆ ಸಂಸಾರ ಹೂಡಿತ್ತು.

ಗಾಡಿ ಕೆಮ್ಮಲೂ ಇಲ್ಲ. ದಾದಾಪೀರ್ ಬಂದು ಗೋಣಿಚೀಲ ಎತ್ತಿದ, ಕಪ್ಪೆ ಹಾರಿತು, ಅವನೂ ಹಾರಿದ!

"ಅಮ್ಮಾ, ಕಪ್ಪೆ ನಮ್ಮ ಕಂಪನೀದಲ್ಲ!" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕ. ಒಳ್ಳೇ ಮನುಷ್ಯ, ಎಲ್ಲ ಬಿಚ್ಚಿ ಒಣಗಿಸಿ ಓಡುವ ಹಾಗೆ ಮಾಡಿದ. "ಕೆಡಿಸೋಕೆ ಕೈ ಹಾಕಿಲ್ಲ, ಸಾಕೋಕೆ ಹಾಕಿದ್ದಾನೆ. ಇದೊಂದು ಸಲ ಕರಾರಿನೊಳಗೇ ಸೇರಿಸ್ಕೊಂತೀನಿ" ಅಂದ.

ಹಾಲಮ್ಮ ಮಗನ ಕಿವಿ ಹಿಡಿದಳು. "ಗಾಡಿಗೆ ನೀರು ಹುಯ್ತಾರೇನೋ ಪೆದ್ದ ಮುಂಡೇದೇ! ಗಾಡಿಗೆ ಎಣ್ಣೆ ಬಿಡ್ತಾರೆ. ಎಲ್ಲಿ ಸದ್ದು ಬತ್ತೈತೋ ಅಲ್ಲಿ ಎಣ್ಣೆ ಬಿಡ್ಬೇಕು!"

"ಸರಿ ಅವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ!"

ಬೇಸಿಗೆ ಹೋಯಿತು, ಮಳೆ ಬಂತು. ಹೊಸ ತಾರಸಿ ಸೋರತೊಡಗಿತು. ಸೋರುವುದಾದರೂ ಎಲ್ಲಿ? ಮೂಲೆಯಲ್ಲಿ ಸೋರಬಾರದಾ, ಬಾಗಿಲ ಹತ್ತಿರ ಸೋರಬಾರದಾ? ಒಲೆಯ ನೆತ್ತಿಗೆ ಸರಿಯಾಗಿ! ಕಟ್ಟಿದ ಒಲೆ, ಅತ್ತಿತ್ತ ಸರಿಸುವ ಹಾಗಿಲ್ಲ. ಕಾದ ಎಣ್ಣೆಗೆ ಒಂದು ಹನಿ ಬಿದ್ದರೆ ಚಟಾರ್! ಹಾಲಮ್ಮನ ಮುಂಗೈ ತುಂಬ ಬೊಕ್ಕೆ. ಒಂದು ಕೈಯಲ್ಲಿ ಜಾಲರಿ, ಇನ್ನೊಂದು ಕೈಯಲ್ಲಿ ಛತ್ರಿ ಹಿಡಿದು ಚಕ್ಕುಲಿ ಕರಿಯುವವಳನ್ನು ನೀವು ನೋಡಿದ್ದೀರಾ? ಆ ಪೇಟೆಯವರು ನೋಡಿದರು.

ಮಳೆ ಜೋರಾದರೆ ಅದೂ ಆಗದು, ಒಲೆ ಆರಿಸಬೇಕು. ಹಿಂಗಾರು ಮಳೆ ಹಬ್ಬದವರೆಗೂ ಬಿಡುವುದಲ್ಲ. ದೀಪಾವಳಿಗೆ ಮಾಲು ಕೊಡದಿದ್ದರೆ ಅಂಗಡಿಯವರು ಬೇರೆಯವರನ್ನು ಹಿಡಿಯುತ್ತಾರೆ. ಮೇಸ್ತ್ರಿಯ ಗ್ಯಾರಂಟಿ ಮುಗಿಯುವುದೂ ಅದೇ ದೀಪಾವಳಿಗೆ. ಹಾಲಮ್ಮನಿಗೆ ನಿಜವಾಗಿ ಭಯವಾಯಿತು.

ತಿಪ್ಪೇಶಿಗೆ ಭಯವಿಲ್ಲ. ಅವನು ಕಿವಿಗೊಟ್ಟು ಕೇಳಿದ. ಟಪ್... ಟಪ್... ಟಪ್... ಓಹೋ, ಸದ್ದು! ಚಕ್ಕುಲಿಗೆಂದು ತಂದಿಟ್ಟ ಕಡಲೆಕಾಯಿ ಎಣ್ಣೆಯ ಡಬ್ಬ ಹೊತ್ತು ತಾರಸಿ ಹತ್ತಿ, ಬಿರುಕಿಗೆ ಗುಳುಗುಳು ಸುರಿದ. ಕೆಳಗೆ ಬಾಣಲೆಗೆ ನೀರಿನ ಬದಲು ಎಣ್ಣೆ ತೊಟ್ಟಿಕ್ಕಿತು.

"ಅಯ್ಯೋ ನನ್ನ ಎಣ್ಣೆ! ಏನು ಮಾಡಿದ್ಯೋ?"

"ಸದ್ದು ಬಂತು, ಎಣ್ಣೆ ಬಿಟ್ಟೆ. ನೋಡವ್ವಾ, ಈಗ ಎಣ್ಣೆಗೆ ಎಣ್ಣೆ ಬೀಳ್ತೈತೆ, ಸಿಡಿಯಂಗೇ ಇಲ್ಲ!"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಜೊತೆ ವಾದ ಮಾಡಬಹುದು, ಇಂಥವರ ಜೊತೆ ಮಾಡೋಕಾಗಲ್ಲ. ಹಾಲಮ್ಮ ಕೂಗಿದಳು: "ಕೆಟ್ಟಿದ್ದಕ್ಕೆ ನಾವು ಕೈ ಹಾಕಬಾರ್ದು ಕಣೋ! ಯಾರು ಕೊಟ್ಟರೋ ಅವರ ಹತ್ರ ತಗೊಂಡು ಹೋಗಿ ತೋರಿಸ್ಬೇಕು. ಅವರೇ ಪುಕ್ಕಟೆ ಮಾಡ್ಕೊಡ್ತಾರೆ!"

"ಸರಿ ಅವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ!"

ಮಾಡಿದ. ತೊಟ್ಟಿಕ್ಕುವ ನೀರನ್ನು ಒಂದು ಚೊಂಬಿಗೆ ಹಿಡಿದು, ಮೇಲೆ ತಟ್ಟೆ ಮುಚ್ಚಿ, ತುಳುಕದ ಹಾಗೆ ಹಿಡಿದುಕೊಂಡು ಮೇಸ್ತ್ರಿಯನ್ನು ಹುಡುಕಿಕೊಂಡು ಹೋದ. ಮೇಸ್ತ್ರಿ ಓಬಳೇಶಪ್ಪ ಹೋಟೆಲಿನಲ್ಲಿ ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದ.

"ಏನಲೇ ಇದು?"

"ನಮ್ಮ ಮನೆ ಸೋರಿಕೆ ಕಣಣ್ಣ. ತಂದಿದೀನಿ, ರಿಪೇರಿ ಮಾಡು."

ಮೇಸ್ತ್ರಿ ತಟ್ಟೆ ಸರಿಸಿ ನೋಡಿದ. "ಬರೀ ನೀರಲ್ಲೇನಲೇ! ಬೋರಿನ ನೀರೋ ಸೋರಿದ ನೀರೋ ಯಾರಿಗ್ಗೊತ್ತು? ಮನೆ ನಮ್ಮ ಹತ್ರ ಬರಲ್ಲ ಕಣಲೇ, ನಾವೇ ಮನೆ ಹತ್ರ ಬರ್ಬೇಕು. ಹೋಗು, ಮಳೇಲಿ ತಾರಸಿ ಹತ್ತಕ್ಕಾಗಲ್ಲ. ಮಳೆ ನಿಂತ ಮೇಲೆ ಬತ್ತೀನಿ."

ಮಳೆ ನಿಂತಿತು. ಹಾಲಮ್ಮ ತಾನೇ ಹೋಗಿ ಕರೆದಳು.

"ಈಗ ಸೋರ್ತೈತಾ ಅಕ್ಕಾ?"

"ಈಗ ಹೆಂಗಣ್ಣಾ ಸೋರ್ತೈತೆ? ಮಳೆ ನಿಂತೈತಲ್ಲ!"

"ಸೋರದೇ ಇರೋದನ್ನ ನಾನು ಏನಂತ ರಿಪೇರಿ ಮಾಡ್ಲಿ? ಸೋರೋವಾಗ ಕರಿ, ಬತ್ತೀನಿ."

ಸೋರುವಾಗ ಕರೆದರೆ ಮಳೆ ಅಂತಾನೆ, ಮಳೆ ನಿಂತ ಮೇಲೆ ಕರೆದರೆ ಸೋರಲ್ಲ ಅಂತಾನೆ. ಹೆಂಗೈತೆ ಜಾಣತನ! ಹಿಂದೆ ದೆವ್ವ ಬರದಿರಲಿ ಅಂತ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರಲ್ಲ, ಆ ಬರಹ ಮೇಸ್ತ್ರಿಯ ನಾಲಗೆ ಮೇಲೇ ಇತ್ತು. ಇಂಥವನಿಗಿಂತ ಪೆದ್ದನೇ ವಾಸಿ ಅಂತ ನಾನಂತೂ ಹೇಳ್ತೀನಿ.

ಮನೆಗೆ ಬಂದ ಹಾಲಮ್ಮ ಸಿಟ್ಟನ್ನೆಲ್ಲ ಮಗನ ಮೇಲೆ ತೀರಿಸಿಕೊಂಡಳು. "ಸೋರಿಕೇನ ಚೊಂಬಲ್ಲಿ ಹೊತ್ಕೊಂಡು ಹೋಗ್ತಾರೇನೋ, ಪ್ಯಾಟೆಯೆಲ್ಲ ನಗ್ತಾರೆ! ಕೆಟ್ಟಿದ್ದನ್ನ ಇದ್ದಲ್ಲೇ ಬಿಟ್ಟು ಮನೇಲಿ ಕೂತ್ಕೋಬೇಕು. ಮಾತು ಕೊಟ್ಟೋನೇ ಹುಡುಕ್ಕೊಂಡು ಬರ್ಬೇಕು!"

"ಸರಿ ಅವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ!"

ಮರುವಾರ ತಿಪ್ಪೇಶಿ ಚಕ್ಕುಲಿ ತುಂಬಿಕೊಂಡು ಹೋಗುತ್ತಿದ್ದ. ಗಾಡಿ ಕೊರ್ ಕೊರ್ ಅಂದಿತು, ನಿಂತಿತು. ಎಲ್ಲಿ ನಿಂತಿತು ಗೊತ್ತಾ? ಶೋರೂಮಿನ ಗೇಟಿನ ಮುಂದೆಯೇ! ಎರಡು ಹೆಜ್ಜೆ ಒಳಗೆ ಹೋಗಿ "ದಾದಾಪೀರಣ್ಣ" ಅಂದಿದ್ದರೆ ಮುಗಿಯುತ್ತಿತ್ತು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ! ಗಾಡಿಯನ್ನು ಇದ್ದಲ್ಲೇ ಬಿಟ್ಟ, ಶೋರೂಮಿಗೆ ಬೆನ್ನು ಹಾಕಿದ, ಬಿಸಿಲಲ್ಲಿ ಬೆವರು ಸುರಿಸುತ್ತಾ ಮನೆಗೆ ನಡೆದು ಬಂದು ಜಗುಲಿಯ ಮೇಲೆ ಕೂತ.

ಸಂಜೆ ದಾದಾಪೀರ್ ಗಾಡಿ ಸರಿಮಾಡಿ ತಾನೇ ಓಡಿಸಿಕೊಂಡು ಬಂದ. ಚಕ್ಕುಲಿಯನ್ನು ಕೋತಿಗಳು ಮುಗಿಸಿದ್ದವು.

"ಲೇ ತಿಪ್ಪೇಶಿ! ನಮ್ಮ ಗೇಟಿನ ಮುಂದೇ ಬಿಟ್ಟು ಬಂದಿದೀಯಲ್ಲೋ! ಒಳಗೆ ಬಂದು ಹೇಳಬಾರ್ದಾ?"

"ಕೊಟ್ಟೋರೇ ಹುಡುಕ್ಕೊಂಡು ಬರ್ಬೇಕಂತೆ ಕಣಣ್ಣ. ನೋಡು, ಬಂದೆಯಲ್ಲ!"

ದಾದಾಪೀರ್ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಹೇಳಿದ: "ಹಂಗಲ್ಲ ಕಣಪ್ಪಾ. ನಮ್ಮ ಹತ್ರ ತರ್ಬೇಕು. ಅದಾಗೇ ಬರಲ್ಲ ಅಂತಂದ್ರೆ ಹಗ್ಗ ಕಟ್ಟಿ ಎಳ್ಕೊಂಡು ಬಾ. ಹಿಂದುಗಡೆ ಒಂದು ಕೆಂಪು ಬಟ್ಟೆ ಕಟ್ಟು. ಮೆಲ್ಲಗೆ ಎಳೀಬೇಕು, ತಲುಪೋವರೆಗೂ ನಿಲ್ಲಿಸಬಾರ್ದು. ಆಮೇಲೆ ಸದ್ದು ನನಗೆ ಕೇಳಿಸ್ಬೇಕು. ನಿಂತು ಹೋಗಿದ್ರೆ ಮತ್ತೆ ಬರೋ ಹಂಗೆ ಮಾಡಿ ಕೇಳಿಸು. ಸದ್ದು ಕೇಳಿದ್ರೆ ತಾನೇ ಎಲ್ಲಿ ಕೆಟ್ಟೈತೆ ಅಂತ ಗೊತ್ತಾಗೋದು?"

"ಸರಿ ಅಣ್ಣಾ, ಇನ್ಮೇಲೆ ಹಂಗೇ ಮಾಡ್ತೀನಿ!"

ಹಬ್ಬಕ್ಕೆ ಇನ್ನೊಂದು ವಾರ ಉಳಿಯಿತು. ಅಂಗಡಿಯವರು ಹೇಳಿ ಕಳಿಸಿದರು: "ಮಾಲು ಕೊಡ್ತೀಯಾ, ಬೇರೆ ಕಡೆ ಹೇಳೋಣವಾ?" ಹಾಲಮ್ಮ ಇನ್ನೊಂದು ಸಲ ಮೇಸ್ತ್ರಿಯ ಹತ್ತಿರ ಹೋಗಿ ಬಂದಳು. ಒಲೆಯ ಮುಂದೆ ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ಆ ಗಟ್ಟಿಗಿತ್ತಿ ಅಳುವುದನ್ನು ತಿಪ್ಪೇಶಿ ಅದೇ ಮೊದಲು ನೋಡಿದ್ದು. ಅವಳ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತ.

"ಯಾಕವ್ವಾ?"

"ಮೇಸ್ತ್ರಿ ಬರಲ್ಲ ಅಂತಾನೆ ಕಣೋ ಮಗನೇ!"

"ಬರಲ್ಲ ಅಂತಾನಾ?"

"ಬರಲ್ಲ ಅಂತಾನೆ!"

ತಿಪ್ಪೇಶಿ ಎದ್ದ. ಹಗ್ಗ ತಗೊಂಡ. ಅವ್ವನ ಹಳೇ ಕೆಂಪು ರವಿಕೆ ತಗೊಂಡ. ಗಾಡಿ ಹತ್ತಿದ.

ಮಧ್ಯಾಹ್ನದ ಹೊತ್ತು. ಮೇಸ್ತ್ರಿ ಓಬಳೇಶಪ್ಪ ಹೊಟ್ಟೆ ತುಂಬ ಉಂಡು, ಬೇವಿನ ಮರದ ಕೆಳಗೆ ಹಲಗೆ ಸಾಗಿಸುವ ತಳ್ಳುಗಾಡಿಯ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದ. ತಿಪ್ಪೇಶಿ ತಳ್ಳುಗಾಡಿಗೆ ಹಗ್ಗ ಕಟ್ಟಿದ, ಹಗ್ಗವನ್ನು ಆಟೋಗೆ ಕಟ್ಟಿದ. ಹಿಂದುಗಡೆ ಚಾಚಿಕೊಂಡಿದ್ದ ಮೇಸ್ತ್ರಿಯ ಕಾಲು ಹೆಬ್ಬೆರಳಿಗೆ ಕೆಂಪು ರವಿಕೆ ಕಟ್ಟಿದ. ಮೆಲ್ಲಗೆ, ಬಹಳ ಮೆಲ್ಲಗೆ, ಹೊರಟ.

ಪೇಟೆ ಬೀದಿಯಲ್ಲಿ ಜನ ಎದ್ದು ನಿಂತರು. ಮುಂದೆ ಆಟೋ, ಹಿಂದೆ ಅಂಗಾತ ಮಲಗಿದ ಮೇಸ್ತ್ರಿ. ಮಂಡಕ್ಕಿ ಮಾರುವ ಅಜ್ಜಿ ಕೈ ಮುಗಿದಳು. "ಅಯ್ಯೋ ಪಾಪ, ಮೇಸ್ತ್ರಿ ಯಾವಾಗ ಹೋದ? ನಿನ್ನೆ ಬಜ್ಜಿ ತಿಂತಿದ್ದನಲ್ಲ!" ಅಂದವಳೇ, ಹೆಣಕ್ಕೆ ಎಸೆಯುವ ಹಾಗೆ ಒಂದು ಹಿಡಿ ಮಂಡಕ್ಕಿ ಎಸೆದಳು. ಮಂಡಕ್ಕಿ ಮೇಸ್ತ್ರಿಯ ಮೂಗಿನೊಳಗೆ ಹೋಯಿತು. ಅಕ್ಷೀ! ಹೆಣ ಎದ್ದು ಕೂತಿತು!

"ಲೇ! ಯಾವನಲೇ ಅದು! ನಿಲ್ಸಲೇ ಗಾಡಿ!"

"ತಲುಪೋವರೆಗೂ ನಿಲ್ಲಿಸಬಾರ್ದಂತೆ ಕಣಣ್ಣ!"

ನಗು ಅಂದರೆ ನಗು! ಅಂಗಡಿ ಬಿಟ್ಟು, ತಕ್ಕಡಿ ಬಿಟ್ಟು, ಅರ್ಧ ಗಡ್ಡ ಬೋಳಿಸಿಕೊಂಡವನು ಕುರ್ಚಿ ಬಿಟ್ಟು, ಜನ ಹಿಂದೆ ಬಂದರು. ದಾದಾಪೀರ್ ಕೂಡ ಕೈ ಒರೆಸಿಕೊಳ್ಳುತ್ತಾ ಬಂದ.

ಹಾಲಮ್ಮ ಹೌಹಾರಿದಳು. "ಅಯ್ಯೋ, ತಪ್ಪಾಯ್ತಣ್ಣಾ, ಒಳಗೆ ಬಾ, ಕೂತ್ಕೋ" ಅಂತ ಅಡುಗೆಕೋಣೆಯಲ್ಲಿ ಆರಿದ ಒಲೆಗೆ ಒತ್ತಿ ಮಣೆ ಹಾಕಿ ಟೀ ಕೊಟ್ಟಳು. ಮೇಸ್ತ್ರಿ ಟೀ ಲೋಟ ಹಿಡಿದುಕೊಂಡೇ ಜನರ ಕಡೆ ತಿರುಗಿದ. "ನೋಡ್ರಪ್ಪಾ, ಎಲ್ಲಾರೂ ನೋಡ್ರಿ! ಎಲ್ಲಿ ಸೋರ್ತೈತೆ? ಒಂದು ಹನಿ ತೋರಿಸ್ರಿ, ಈಗಲೇ ರಿಪೇರಿ ಮಾಡ್ತೀನಿ!"

ಜನ ತಲೆ ಎತ್ತಿ ನೋಡಿದರು. ತಾರಸಿ ಒಣಗಿ ಬೆಂಡಾಗಿತ್ತು. ಹಾಲಮ್ಮನ ಮುಖ ಇಳಿದುಹೋಯಿತು. ಇನ್ನು ಆಯಿತು, ವರ್ಷದ ಅನ್ನ ಹೋಯಿತು ಅಂದುಕೊಂಡಳು.

ಆದರೆ ತಿಪ್ಪೇಶಿ ಎಲ್ಲಿ? ತಿಪ್ಪೇಶಿ ಅಲ್ಲಿರಲಿಲ್ಲ. ಅವನು ಮೇಲಿದ್ದ. ಸದ್ದು ನಿಂತು ಹೋಗಿದೆಯಲ್ಲ, ಬರೋ ಹಂಗೆ ಮಾಡಿ ಕೇಳಿಸಬೇಕಲ್ಲ! ಬಿರುಕಿನ ಸುತ್ತ ಮಣ್ಣಿನ ಕಟ್ಟೆ ಕಟ್ಟಿ, ಕೊಡದ ಮೇಲೆ ಕೊಡ ನೀರು ಸುರಿಯುತ್ತಿದ್ದ.

ಟಪ್! ಮೇಸ್ತ್ರಿಯ ಟೀಗೆ ಬಿತ್ತು.

ಟಪ್! ಮೇಸ್ತ್ರಿಯ ಬೋಳು ತಲೆಗೆ ಬಿತ್ತು.

ಟಪ್ ಟಪ್ ಟಪ್ ಟಪ್!

"ಕೇಳಿಸ್ತೇನಣ್ಣಾ?" ಅಂತ ಮೇಲಿನಿಂದ ಕೂಗಿದ ತಿಪ್ಪೇಶಿ. "ಎಲ್ಲಿ ಕೆಟ್ಟೈತೆ ಅಂತ ಗೊತ್ತಾಯ್ತಾ? ಇನ್ನೊಂದು ಕೊಡ ಹುಯ್ಯಲಾ?"

"ಬೇಡಲೇ! ಬೇಡ! ಗೊತ್ತಾಯ್ತು!"

ದಾದಾಪೀರ್ ನಗು ತಡೆದುಕೊಂಡು ಅಂದ: "ಮೇಸ್ತ್ರಣ್ಣಾ, ಎಂಜಿನ್ನಿಗೆ ನೀರು ಹುಯ್ದೋನಿಗೂ ನಾನು ಕೊಟ್ಟ ಮಾತು ಉಳಿಸ್ಕೊಂಡೆ. ನಿನ್ನ ತಾರಸಿ ಮೇಲೆ ದೇವರೇ ಮಳೆ ಹುಯ್ದಿದ್ದು. ಅದಕ್ಕೂ ಆಗಲ್ವಾ?"

ಊರಿನವರೆಲ್ಲ ನಿಂತಿದ್ದಾರೆ, ಕಾಲು ಹೆಬ್ಬೆರಳಲ್ಲಿ ಕೆಂಪು ರವಿಕೆ ಇನ್ನೂ ಹಾಗೇ ಇದೆ. ಎಲ್ಲಿಗೆ ಓಡ್ತಾನೆ? ಮೇಸ್ತ್ರಿ ಅವತ್ತೇ ಸಿಮೆಂಟ್ ತರಿಸಿದ, ಕರಣಿ ಹಿಡಿದ, ಬಿರುಕು ಬಿಡಿಸಿ ತುಂಬಿದ. ಹಬ್ಬಕ್ಕೆ ಮುಂಚೆ ಒಂದು ದೊಡ್ಡ ಮಳೆಯೂ ಬಂತು. ಒಂದು ಹನಿ ಸೋರಲಿಲ್ಲ. ಹಾಲಮ್ಮ ಛತ್ರಿಯನ್ನು ಮೂಲೆಗೆ ಎಸೆದು ಎರಡೂ ಕೈಯಲ್ಲಿ ಚಕ್ಕುಲಿ ಒತ್ತಿದಳು. ಬುಟ್ಟಿ ಬುಟ್ಟಿ ಚಕ್ಕುಲಿ! ಹಾಡಿಕೊಂಡು ಕರಿದಳು. ಮಗನ ತಲೆ ಸವರಿ ಹೇಳಿದಳು:

"ವ್ಯಾಪಾರ ಅಂದ್ರೆ ದಾದಾಪೀರಣ್ಣನ ಥರ ಮಾಡ್ಬೇಕು ಕಣೋ. ಮಾಲು ಕೊಡೋವಾಗ ಮಾತೂ ಕೊಡ್ಬೇಕು. ಕೊಟ್ಟ ಮಾತು ಉಳಿಸ್ಕೋಬೇಕು!"

"ಸರಿ ಅವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ!"

ಹಾಲಮ್ಮ ಖುಷಿಯಲ್ಲಿದ್ದಳು, ಆ ಮಾತಿಗೆ ಬೆಚ್ಚಿಬೀಳಬೇಕಿತ್ತು, ಮರೆತಳು.

ದೀಪಾವಳಿ ಬೆಳಿಗ್ಗೆ ಎಣ್ಣೆ ನೀರು ಹಾಕಿಕೊಂಡು ಬಾಗಿಲು ತೆಗೆದರೆ, ಬೀದಿ ತುಂಬ ಜನ! ಎಲ್ಲರ ಕೈಯಲ್ಲೂ ಮುರಿದ ಚಕ್ಕುಲಿ, ಎಲ್ಲರ ಮುಖದಲ್ಲೂ ಕಿಸಿಕಿಸಿ ನಗು.

"ಏನ್ರಪ್ಪಾ ಇದು?"

"ನಿನ್ನ ಮಗ ಮಾಲು ಹಾಕೋವಾಗ ಅಂಗಡಿ ಮುಂದೆ ನಿಂತು ಒಂದು ವರ್ಷ ಗ್ಯಾರಂಟಿ ಕೊಟ್ಟವ್ನಲ್ಲವ್ವಾ! ಮುರಿದ್ರೆ ತನ್ನಿ, ಪುಕ್ಕಟೆ ರಿಪೇರಿ ಅಂದವ್ನೆ. ಆದ್ರೆ ನಾವು ಹಲ್ಲು ಹಾಕಬಾರ್ದಂತೆ. ಹಲ್ಲು ಹಾಕಿದ್ರೆ ಕರಾರು ಮುರೀತಂತೆ! ಮಕ್ಕಳು ನಿನ್ನೆಯಿಂದ ಬರೀ ನೆಕ್ತಾ ಕೂತವೆ!"

"ತಿಪ್ಪೇಶೀ!"

"ಇಲ್ಲಿದೀನಿ ಅವ್ವಾ! ಮಾತು ಉಳಿಸ್ತಿದೀನಿ!"

ಹಿತ್ತಲಿಗೆ ಓಡಿದಳು. ನಿನ್ನೆ ಸಂಜೆಯೇ ತಂದುಕೊಟ್ಟವರ ಚಕ್ಕುಲಿಗಳು ಸಾಲಾಗಿ ಮಲಗಿದ್ದವು. ಮೇಸ್ತ್ರಿ ಬಿಟ್ಟು ಹೋಗಿದ್ದ ಸಿಮೆಂಟನ್ನು ಕಲಸಿ, ತುಂಡಿಗೆ ತುಂಡು ಸೇರಿಸಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ ತಿಪ್ಪೇಶಿ ನೀರು ಚಿಮುಕಿಸುತ್ತಿದ್ದ. "ನೀರು ಕುಡಿದಷ್ಟೂ ಗಟ್ಟಿ ಅವ್ವಾ!" ಹಾಲಮ್ಮ ಬೈಯಲು ಬಾಯಿ ತೆರೆದಳು. ನಗು ಬಂತು. ನಕ್ಕಳು, ನೆಲದ ಮೇಲೆ ಕೂತುಕೊಂಡು ನಕ್ಕಳು.

ಅಷ್ಟು ಹೊತ್ತಿಗೆ ಮೇಸ್ತ್ರಿ ಓಬಳೇಶಪ್ಪ ಮರೆತು ಹೋಗಿದ್ದ ಕರಣಿ ತಗೊಂಡು ಹೋಗೋಣ ಅಂತ ಹಿತ್ತಲ ಬಾಗಿಲಿಂದ ಬಂದ. ಬಂದವನು ಸುಮ್ಮನಿರಬೇಕೋ ಬೇಡವೋ? ಹಬ್ಬದ ದಿನ, ಎದುರಿಗೆ ಚಕ್ಕುಲಿ. ಗೋಣಿಚೀಲದ ಕೆಳಗೆ ಕೈ ಹಾಕಿ ಒಂದನ್ನು ಎತ್ತಿ ಬಾಯಿಗಿಟ್ಟು ಕಡಿದ.

ಕಟ್!

"ಅಯ್ಯಯ್ಯೋ! ನನ್ನ ಹಲ್ಲು! ಲೇ ತಿಪ್ಪೇಶಿ, ಹಲ್ಲು ಮುರೀತಲ್ಲೋ! ಇದನ್ನ ಯಾವನೋ ರಿಪೇರಿ ಮಾಡೋನು?"

ತಿಪ್ಪೇಶಿ ಹಲ್ಲನ್ನು ಕೈಗೆ ತಗೊಂಡ, ತಿರುಗಿಸಿ ತಿರುಗಿಸಿ ನೋಡಿದ, ಮರ್ಯಾದೆಯಾಗಿ ವಾಪಸು ಕೊಟ್ಟ.

"ಇದು ನಾವು ಕೊಟ್ಟಿದ್ದಲ್ಲ ಕಣಣ್ಣ. ಯಾರು ಕೊಟ್ಟರೋ ಅವರ ಹತ್ರ ತಗೊಂಡು ಹೋಗಿ ತೋರಿಸು. ಬರಲ್ಲ ಅಂದ್ರೆ ಹೇಳು, ನನ್ನ ಹತ್ರ ಹಗ್ಗ ಐತೆ!"